ಸಿಕ್ಕಿದ್ದು ಕೈ, ಸಿಗಬೇಕಾದದ್ದು ಬಾಯಿ

ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಕಾಣುವ ಚಿತ್ರವೊಂದಿದೆ. ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟ ಐನೂರರ ನೋಟುಗಳು, ಪಕ್ಕದಲ್ಲಿ ಗುಲಾಬಿ ಬಣ್ಣದ ನೀರು ತುಂಬಿದ ಎರಡು ಬಾಟಲಿ, ಹಿಂದೆ ತಲೆ ತಗ್ಗಿಸಿ ಕೂತ ಒಬ್ಬ ಸರ್ವೆಯರ್ ಅಥವಾ ಪಿಡಿಒ. ‘ಲಂಚ ಪಡೆಯುತ್ತಿದ್ದಾಗ ಲೋಕಾಯುಕ್ತ ಬಲೆಗೆ’ ಎಂಬ ತಲೆಬರಹ. ಓದಿದವರು ‘ಹಾಗೇ ಆಗ್ಬೇಕು ಅವನಿಗೆ’ ಎಂದು ಪುಟ ತಿರುವುತ್ತಾರೆ. ನೀರಿಗೆ ಬಣ್ಣ ಬಂದಮೇಲೆ ಇನ್ನೇನು ಉಳಿಯಿತು ಎಂಬ ಭಾವನೆ. ಅದೇ ಅಧಿಕಾರಿ ಏಳೆಂಟು ವರ್ಷದ ಮೇಲೆ ಖುಲಾಸೆಯಾದ ಸುದ್ದಿ ಒಳಪುಟದ ಮೂಲೆಯಲ್ಲಿ ಬಂದಾಗ ‘ದುಡ್ಡು ಕೊಟ್ಟು ಮುಚ್ಚಿಹಾಕಿದ’ ಅನ್ನುತ್ತಾರೆ. ಹಾಗೆ ಆಗುವುದೇ ಇಲ್ಲವೆಂದೇನಲ್ಲ. ಆದರೆ ಅನೇಕ ಸಲ ಯಾರೂ ಏನನ್ನೂ ಮುಚ್ಚಿಹಾಕಿರುವುದಿಲ್ಲ. ಬಾಟಲಿಯ ಬಣ್ಣಕ್ಕೆ ಹೇಳಲು ಬರುವುದು ಒಂದೇ ವಾಕ್ಯ, ಕಾನೂನಿಗೆ ಬೇಕಾಗಿರುವುದು ಇನ್ನೊಂದು. ನಡುವಿನ ಆ ಅಂತರವನ್ನು ಒಬ್ಬ ಮನುಷ್ಯ ತುಂಬಬೇಕು, ಅದೂ ಅವನ ಸಿಟ್ಟು ಆರಿಹೋಗಿ ಬಹಳ ಕಾಲವಾದ ಮೇಲೆ.

ಮೊದಲು ಬಣ್ಣದ ವಿಷಯ. ಬಲೆಯೆಂದರೆ ಇಷ್ಟು: ಪುಡಿ ಸವರಿದ ನೋಟನ್ನು ದೂರುದಾರನ ಕೈಯಲ್ಲಿ ಕಳಿಸುತ್ತಾರೆ, ತೆಗೆದುಕೊಂಡವನ ಕೈಯನ್ನು ಸೋಡಾ ನೀರಿನಲ್ಲಿ ತೊಳೆಸಿದರೆ ನೀರು ಗುಲಾಬಿಯಾಗುತ್ತದೆ. ನೋಟಿಗೆ ಸವರುವುದು ಫಿನಾಫ್ತಲೀನ್ ಎಂಬ ಬಿಳಿ ಪುಡಿ. ನಯವಾಗಿರುತ್ತದೆ, ವಾಸನೆಯಿಲ್ಲ, ಬರೀ ನೀರಿನಲ್ಲಿ ಹೆಚ್ಚುಕಮ್ಮಿ ಕರಗುವುದೇ ಇಲ್ಲ. 1871ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ತಯಾರಿಸಿದ ಈ ವಸ್ತುವನ್ನು ಪಿಯುಸಿಯಲ್ಲಿ ವಿಜ್ಞಾನ ಓದಿದವರೆಲ್ಲ ಬ್ಯೂರೆಟ್ ಮುಂದೆ ನಿಂತು ನೋಡಿದ್ದಾರೆ. ಕ್ಷಾರ ತಗುಲಿದರೆ ಗುಲಾಬಿ, ಆಮ್ಲ ಸೇರಿದರೆ ಬಣ್ಣ ಮಾಯ. ಪಿಎಚ್ (ಆಮ್ಲ-ಕ್ಷಾರದ ಅಳತೆ) 8.2ರ ಆಸುಪಾಸಿನಲ್ಲಿ ಬಣ್ಣ ಶುರುವಾಗಿ 10ರ ಹೊತ್ತಿಗೆ ಗಾಢವಾಗುತ್ತದೆ. ಕೈ ತೊಳೆಸುವ ನೀರಿಗೆ ಹಾಕುವುದು ಸೋಡಿಯಂ ಕಾರ್ಬೊನೇಟ್, ಅಂದರೆ ವಾಷಿಂಗ್ ಸೋಡಾ. ಒಂದು ಗಾಜಿನ ಬಟ್ಟಲು ಶುದ್ಧ ನೀರಿಗೆ ಅರ್ಧ ಚಮಚ ಹಾಕಿದರೂ ಪಿಎಚ್ 11ರ ಹತ್ತಿರ ಹೋಗುತ್ತದೆ, ಅಷ್ಟು ಸಾಕು. ಕಾಸ್ಟಿಕ್ ಸೋಡಾ ಇನ್ನೂ ಜೋರಲ್ಲವೇ ಎಂದು ಅದನ್ನು ಬಳಸಿದರೆ ಕೆಲಸ ಕೆಡುತ್ತದೆ: ಚರ್ಮಕ್ಕೆ ಅಪಾಯ ಒಂದು ಕಡೆ, ಕ್ಷಾರ ವಿಪರೀತವಾದರೆ ಬಂದ ಬಣ್ಣವೂ ಸ್ವಲ್ಪ ಹೊತ್ತಿನಲ್ಲಿ ಮಾಸುವುದು ಇನ್ನೊಂದು ಕಡೆ. (ಇದೇ ಪುಡಿ ನೂರು ವರ್ಷದ ಹತ್ತಿರ ಭೇದಿ ಮಾತ್ರೆಯಲ್ಲೂ ಇತ್ತು. ಒಳಗಿಟ್ಟುಕೊಂಡದ್ದನ್ನು ಹೊರಗೆ ಹಾಕಿಸುವುದು ಅದರ ಹಳೆಯ ಕಸುಬು ಅನ್ನಬೇಕು.)

ಪಂಜಾಬಿನ ರಘುಬೀರ್ ಸಿಂಗ್ ಎಂಬವರ ಪ್ರಕರಣದಲ್ಲಿ 1970ರ ದಶಕದಲ್ಲಿ ಸುಪ್ರೀಂ ಕೋರ್ಟ್ ಈ ಪುಡಿಯನ್ನು ಬಲೆ ಪ್ರಕರಣಗಳಲ್ಲಿ ಬಳಸುವುದು ಒಳ್ಳೆಯದು ಎಂದಿತು. ಕಾರಣವನ್ನೂ ಕೊಟ್ಟಿತು: ಬಾಯಿಮಾತಿನ ಸಾಕ್ಷ್ಯ ಕೆಲವೊಮ್ಮೆ ಸಂಶಯಾಸ್ಪದ, ಅದೊಂದನ್ನೇ ನಂಬಿ ಕೂರುವ ಪಾಡು ನ್ಯಾಯಾಲಯಕ್ಕೆ ಬೇಡ. ಸುಳ್ಳು ಹೇಳದ, ಹೆದರದ, ಮರೆಯದ ಸಾಕ್ಷಿಯೊಂದು ಬೇಕಿತ್ತು, ಅದು ಪುಡಿಯ ರೂಪದಲ್ಲಿ ಸಿಕ್ಕಿತು. ಈ ಸಾಕ್ಷಿ ಹೇಳುವುದಿಷ್ಟೇ: ‘ಈ ಕೈ ಆ ನೋಟುಗಳನ್ನು ಮುಟ್ಟಿದೆ.’ ಯಾಕೆ ಮುಟ್ಟಿತು, ಯಾರು ಕೇಳಿದ್ದರು, ಕೇಳಿದ್ದು ಯಾವುದಕ್ಕೆ ಎಂಬುದೊಂದೂ ಅದಕ್ಕೆ ಗೊತ್ತಿಲ್ಲ.

ಕಾನೂನು ಕೇಳುವುದು ಅದನ್ನೇ. ಭ್ರಷ್ಟಾಚಾರ ನಿಗ್ರಹ ಕಾಯ್ದೆ 1988ರ ಕಲಂ 7ರ ಕೆಳಗೆ ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7. ಕಲಂ 20ರ ಪ್ರಕಾರ ಹಣ ಪಡೆದದ್ದು ಸಾಬೀತಾದರೆ ಅದು ಲಂಚವೆಂದೇ ನ್ಯಾಯಾಲಯ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಆರೋಪಿಯದು. ಇಷ್ಟು ಓದಿದರೆ ಪೊಲೀಸರಿಗೆ ಹಾದಿ ಸಲೀಸು ಅನ್ನಿಸುತ್ತದೆ. ಆದರೆ ಬೇಡಿಕೆಯೇ ಸಾಬೀತಾಗದಿದ್ದರೆ ಬರೀ ನೋಟು ಸಿಕ್ಕಿತೆಂದು ಶಿಕ್ಷೆ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ, 2014ರ ಬಿ. ಜಯರಾಜ್ ಪ್ರಕರಣದಲ್ಲಿ, ಮರುವರ್ಷ ಪಿ. ಸತ್ಯನಾರಾಯಣ ಮೂರ್ತಿ ಪ್ರಕರಣದಲ್ಲಿ. ಇದನ್ನು ‘ತಾಂತ್ರಿಕ ಕಾರಣ’ ಎಂದು ಹೀಗಳೆಯುವವರು ಒಬ್ಬ ನೆಟ್ಟಗಿರುವ ಸರ್ವೆಯರನನ್ನು ಮನಸ್ಸಿಗೆ ತಂದುಕೊಳ್ಳಬೇಕು. ಒತ್ತುವರಿ ಜಮೀನನ್ನು ಪೋಡಿ ಮಾಡಿಕೊಡಲು ಒಪ್ಪದವನು. ಅವನ ಮೇಜಿನ ಡ್ರಾಯರಿನಲ್ಲಿ ಪುಡಿ ಸವರಿದ ನೋಟು ಇಟ್ಟು ಬರುವುದು, ಕೈ ಕುಲುಕಿ ಬೆರಳಿಗೆ ಪುಡಿ ಹತ್ತಿಸುವುದು ಎಷ್ಟು ಹೊತ್ತಿನ ಕೆಲಸ? ಅಂಥವನನ್ನು ಕಾಯುವುದು ಈ ಒಂದು ನಿಯಮವೇ.

ಹಾಗಾದರೆ ಬೇಡಿಕೆ ಹೇಗಿರುತ್ತದೆ? ‘ನನಗೆ ಲಂಚ ಕೊಡು’ ಎಂದು ಯಾರೂ ಹೇಳುವುದಿಲ್ಲ. ‘ಸ್ವಲ್ಪ ನೋಡ್ಕೊಳ್ಳಿ’, ‘ಖರ್ಚು ಇರ್ತದಲ್ಲ’, ‘ನನಗೇನೂ ಬೇಡ, ಮೇಲಿನವರಿಗೆ ಹೇಳಬೇಕು’, ‘ಅವತ್ತು ಮಾತಾಡಿದ್ದು ತಂದ್ರಾ?’ ಎಂದಿರುತ್ತದೆ. ಕ್ಯಾಲ್ಕುಲೇಟರಿನಲ್ಲಿ ಅಂಕಿ ಒತ್ತಿ ತೋರಿಸಿ ಅಳಿಸುವವರಿದ್ದಾರೆ. ಚೀಟಿಯಲ್ಲಿ ಬರೆದು ಹರಿಯುವವರಿದ್ದಾರೆ. ಎರಡು ಬೆರಳು ಎತ್ತಿ ಸುಮ್ಮನಾಗುವವರಿದ್ದಾರೆ, ಅದು ಎರಡು ಸಾವಿರವೋ ಇಪ್ಪತ್ತೋ ಎಂಬುದನ್ನು ಕೆಲಸದ ಗಾತ್ರ ನೋಡಿ ಎದುರಿನವನೇ ಅರ್ಥ ಮಾಡಿಕೊಳ್ಳಬೇಕು. ಅಧಿಕಾರಕ್ಕೆ ಜೋರಾಗಿ ಮಾತಾಡುವ ಅಗತ್ಯ ಬೀಳುವುದಿಲ್ಲ. ಕಡತ ಅದರ ಮೊಣಕೈ ಕೆಳಗಿದೆ, ‘ನಾಳೆ ಬನ್ನಿ’ ಎಂದರೆ ಸಾಕು.

ಆ ‘ನಾಳೆ ಬನ್ನಿ’ಗೆ ಮದ್ದೆಂದು 2011ರಲ್ಲಿ ಸಕಾಲ ಕಾಯ್ದೆ ಬಂತು. ನಿಗದಿತ ದಿನದೊಳಗೆ ಸೇವೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಕಾಯ್ದೆಯಿಂದ ಅನೇಕ ಸಣ್ಣ ಕೆಲಸಗಳಿಗೆ ಗಡುವು ಸಿಕ್ಕಿತು, ಸ್ವೀಕೃತಿ ಸಂಖ್ಯೆ ಸಿಕ್ಕಿತು, ಅದು ಸಣ್ಣ ಉಪಕಾರವಲ್ಲ. ಆದರೆ ತಡ ಮಾಡುವ ಶಕ್ತಿಯ ಮಾರುಕಟ್ಟೆ ದರ ದಿನಕ್ಕೆ 20 ರೂಪಾಯಿಗಿಂತ ಬಹಳ ಹೆಚ್ಚು. ಜೊತೆಗೆ ಗಡುವಿನ ಕೊನೆಯ ದಿನ ‘ದಾಖಲೆ ಕೊರತೆ’ ಎಂದು ಬರೆದು ಅರ್ಜಿ ವಾಪಸ್ ಮಾಡಿದರೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರು.

ದೂರು ಹುಟ್ಟುವುದು ಸಾಮಾನ್ಯವಾಗಿ ಸಿಟ್ಟಿನಿಂದ. ಹಣಕ್ಕಿಂತ ಅವಮಾನದ ಸಿಟ್ಟು ಅದು: ಬಾಗಿಲ ಹೊರಗೆ ನಿಲ್ಲಿಸಿದ್ದು, ಏಕವಚನದಲ್ಲಿ ಮಾತಾಡಿಸಿದ್ದು, ಒಪ್ಪಿಕೊಂಡ ಮೊತ್ತವನ್ನು ಕೊನೆ ಗಳಿಗೆಯಲ್ಲಿ ಏರಿಸಿದ್ದು. ಆ ಸಿಟ್ಟಿಲ್ಲದೆ ಯಾರೂ ಜಿಲ್ಲಾ ಕೇಂದ್ರದ ಲೋಕಾಯುಕ್ತ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಆದರೆ ಅದೇ ಸಿಟ್ಟು ದೂರಿನ ಒಳಗೆ ಬಂದು ಕೂತರೆ ಕೇಸಿಗೆ ಮುಳುವು. ‘ಹಲವು ಬಾರಿ ಪೀಡಿಸಿದ್ದಾರೆ’ ಎಂದು ಬರೆದರೆ ಪಾಟಿ ಸವಾಲಿನಲ್ಲಿ ಬರುವ ಮೊದಲ ಪ್ರಶ್ನೆ ‘ಯಾವ್ಯಾವ ದಿನ?’. ಇದ್ದೊಬ್ಬ ಕೇಸ್ ವರ್ಕರ್ ಜೊತೆಗೆ ಶಿರಸ್ತೇದಾರ್, ತಹಶೀಲ್ದಾರ್ ಎಲ್ಲರ ಹೆಸರನ್ನೂ ಸೇರಿಸಿದರೆ ಆಮೇಲೆ ಯಾರ ಮೇಲೂ ಗಟ್ಟಿಯಾಗಿ ನಿಲ್ಲುವುದಿಲ್ಲ.

ಒಳ್ಳೆಯ ದೂರಿನಲ್ಲಿ ಬೇಕಾದ್ದು ಕೆಲವೇ ಸಂಗತಿ. ಯಾವ ಕೆಲಸ ಬಾಕಿ ಇದೆ, ಅರ್ಜಿ ಕೊಟ್ಟ ದಿನ, ಅದರ ಸಂಖ್ಯೆ. ಹಣ ಕೇಳಿದ ದಿನ, ಜಾಗ, ಹೊತ್ತು, ಆಗ ಹತ್ತಿರ ಯಾರಿದ್ದರು. ಮೊದಲು ಹೇಳಿದ ಮೊತ್ತ, ಚೌಕಾಸಿಯಾಗಿ ನಿಂತ ಮೊತ್ತ, ಮುಂಗಡ ಕೊಟ್ಟಿದ್ದರೆ ಅದು. ಲಂಚ ಕೊಡಲು ತನಗೆ ಇಷ್ಟವಿಲ್ಲ ಎಂಬ ಒಂದು ಸಾಲು. ಎಲ್ಲಕ್ಕಿಂತ ಮುಖ್ಯವಾಗಿ, ಅಧಿಕಾರಿ ಆಡಿದ ಮಾತು ಆಡಿದ ಹಾಗೆಯೇ. ಠಾಣೆಯಲ್ಲಿ ಬರೆಯುವವರಿಗೆ ‘ಸದರಿಯವರು ಲಂಚದ ಹಣಕ್ಕೆ ಬೇಡಿಕೆ ಇಟ್ಟಿರುತ್ತಾರೆ’ ಎಂಬ ವಾಕ್ಯ ಕೈಗೆ ಅಭ್ಯಾಸವಾಗಿರುತ್ತದೆ. ಅದರ ಬದಲು ‘ಅವತ್ತು ಹೇಳಿದ್ನಲ್ಲ, ಹತ್ತು ತಂದು ಈ ಫೈಲ್ ತಗೊಂಡ್ಹೋಗಿ ಅಂದರು’ ಎಂದಿದ್ದರೆ ಐದು ವರ್ಷದ ಮೇಲೂ ಅದು ನೆನಪಿನಲ್ಲಿರುತ್ತದೆ, ಬೇರೆಯವರು ಬರೆಸಿಕೊಟ್ಟದ್ದು ಎಂಬ ಅನುಮಾನವೂ ಬರುವುದಿಲ್ಲ. ದೂರಿನ ಒಂದು ಪ್ರತಿ ಮನೆಯಲ್ಲಿರಲಿ.

ಮುಂಗಡದ ವಿಷಯದಲ್ಲಿ ಒಂದು ಎಚ್ಚರ. 2018ರ ಜುಲೈ 26ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಲಂಚ ಕೊಡುವುದೂ ಕಲಂ 8ರ ಕೆಳಗೆ ಅಪರಾಧ, 7 ವರ್ಷದವರೆಗೆ ಶಿಕ್ಷೆ. ಬಲವಂತಕ್ಕೆ ಸಿಕ್ಕಿ ಕೊಟ್ಟವರು ಕೊಟ್ಟ 7 ದಿನದೊಳಗೆ ಪೊಲೀಸರಿಗೆ ತಿಳಿಸಿದರೆ ಮಾತ್ರ ರಕ್ಷಣೆ. ಮೊದಲೇ ತಿಳಿಸಿ, ಬಲೆಗೆಂದು ಕೊಡುವ ಹಣಕ್ಕೆ ಈ ಕಲಂ ಅನ್ವಯಿಸುವುದಿಲ್ಲ. ‘ಮೂರು ತಿಂಗಳ ಹಿಂದೆ ಐದು ಸಾವಿರ ಕೊಟ್ಟಿದ್ದೆ, ಈಗ ಇನ್ನೂ ಕೇಳುತ್ತಿದ್ದಾರೆ’ ಎನ್ನುವವರು ದೂರು ಕೊಡುವ ಮುನ್ನ ವಕೀಲರೊಬ್ಬರನ್ನು ಕೇಳುವುದು ವಾಸಿ. ತಿದ್ದುಪಡಿ ಮಾಡಿದವರ ಉದ್ದೇಶ ದೊಡ್ಡ ಕಂಪನಿಗಳನ್ನು ಹಿಡಿಯುವುದೇ ಇದ್ದಿರಬಹುದು. ಆದರೆ ಏಳು ದಿನದ ಗಡುವಿಗೆ ಹೆದರಿ ಬಾಯಿ ಮುಚ್ಚಿಕೊಳ್ಳುವುದು ಪಹಣಿ ತಿದ್ದುಪಡಿಗೆ ಅಲೆಯುವವನು.

ದೂರು ಬಂದ ಕೂಡಲೇ ಈಗ ಪೊಲೀಸರು ದೂರುದಾರನ ಕೈಗೆ ಸಣ್ಣ ರೆಕಾರ್ಡರ್ ಕೊಟ್ಟು ಮತ್ತೊಮ್ಮೆ ಮಾತಾಡಿಸಿ ಬರಲು ಹೇಳುವುದು ರೂಢಿ. ದ್ವೇಷದ ದೂರನ್ನೂ ನಿಜದ ದೂರನ್ನೂ ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಜರಡಿ ಇಲ್ಲ. ದನಿ ದಾಖಲಾದಮೇಲೆ ಎಫ್‌ಐಆರ್. ಬಲೆಗೆ ಹೊರಡುವ ಮೊದಲೇ ಎಫ್‌ಐಆರ್ ಆಗಿರಬೇಕು, ಆ ಹೊತ್ತು ನ್ಯಾಯಾಲಯಕ್ಕೆ ತಲುಪಿದ ಪ್ರತಿಯಲ್ಲಿ ಕಾಣಬೇಕು. ರೆಕಾರ್ಡಿಂಗಿಗೆ ಸಾಕ್ಷ್ಯ ಕಾನೂನಿನ ಪ್ರಮಾಣಪತ್ರ ಬೇಕು. ಹಿಂದೆ 65ಬಿ ಎನ್ನುತ್ತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63. ಅದು ಲಗತ್ತಾಗದೆ ಹೋದರೆ ಎಷ್ಟೇ ಸ್ಪಷ್ಟವಾದ ದನಿಯೂ ಕಡತದಲ್ಲಿ ಮೂಕ. ರೆಕಾರ್ಡರನ್ನು ಜೇಬಿನ ಆಳದಲ್ಲಿಟ್ಟು ಬರೀ ಬಟ್ಟೆ ಉಜ್ಜಿದ ಸದ್ದು ಹಿಡಿದು ತಂದವರೂ ಇದ್ದಾರೆ. ಎದುರಿನವನು ಮೌನವಾಗಿ ಬೆರಳು ತೋರಿಸಿದಾಗ ‘ಎಷ್ಟು ಸಾರ್, ಹತ್ತೇ ಅಲ್ವಾ?’ ಎಂದು ಬಾಯಿಬಿಟ್ಟು ಕೇಳುವ ಸಮಯಪ್ರಜ್ಞೆ ಎಲ್ಲರಿಗೂ ಇರುವುದಿಲ್ಲ.

ಆಮೇಲೆ ಪಂಚರು, ಅಂದರೆ ನಡೆದದ್ದಕ್ಕೆಲ್ಲ ಸಾಕ್ಷಿಯಾಗಿ ನಿಲ್ಲುವವರು. ಬೇರೆ ಇಲಾಖೆಯ ಇಬ್ಬರು ಸರ್ಕಾರಿ ನೌಕರರನ್ನು ಪತ್ರ ಬರೆದು ಕರೆಸುತ್ತಾರೆ. ದೂರುದಾರ ತಂದ ನೋಟುಗಳ ಸಂಖ್ಯೆಯನ್ನು ಅವರ ಎದುರಿಗೆ ಬರೆದುಕೊಳ್ಳುತ್ತಾರೆ. ಹಣ ಸಾಮಾನ್ಯವಾಗಿ ದೂರುದಾರನದೇ. ಅದು ಮುದ್ದೆಮಾಲಾಗಿ, ಅಂದರೆ ಕೇಸಿನ ಸಾಕ್ಷ್ಯವಸ್ತುವಾಗಿ ಸೇರಿಹೋಗುವುದರಿಂದ ಇಲಾಖೆಯಿಂದ ಮರಳಿ ಪಡೆಯಲು ಪ್ರತ್ಯೇಕವಾಗಿ ಬೆನ್ನುಹತ್ತಬೇಕು, ಸಾಲ ತಂದ ಬಡವನಿಗೆ ಇದೇ ಮೊದಲ ಪೆಟ್ಟು. ಸಿಬ್ಬಂದಿಯೊಬ್ಬರು ನೋಟಿನ ಎರಡೂ ಬದಿಗೆ ಪುಡಿ ಸವರುತ್ತಾರೆ. ಒಬ್ಬ ಪಂಚ ಅದನ್ನು ಎಣಿಸಿ ದೂರುದಾರನ ಖಾಲಿ ಜೇಬಿಗೆ ಇಡುತ್ತಾರೆ, ಬಳಿಕ ಸೋಡಾ ನೀರಿನಲ್ಲಿ ಬೆರಳದ್ದಿ ಬಣ್ಣ ಬರುವುದನ್ನು ಎಲ್ಲರೂ ನೋಡುತ್ತಾರೆ. ಪುಡಿ ಸವರಿದ ಸಿಬ್ಬಂದಿ ಮುಂದೆ ತಂಡದ ಜೊತೆ ಹೋಗಬಾರದು. ಪುಡಿ ಡಬ್ಬಿ ಠಾಣೆಯಲ್ಲೇ ಉಳಿಯಬೇಕು. ತಂಡದ ಎಲ್ಲರೂ ಕೈ ತೊಳೆದು ಹೊರಡಬೇಕು. ಇದಿಷ್ಟೂ ಪೂರ್ವಭಾವಿ ಮಹಜರಿನಲ್ಲಿ, ಅಂದರೆ ಹೊರಡುವ ಮುನ್ನ ಪಂಚರ ಎದುರು ಬರೆಯುವ ದಾಖಲೆಯಲ್ಲಿ ಬರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ‘ಪುಡಿ ಹತ್ತಿಸಿದ್ದು ಪೊಲೀಸರೇ’ ಎನ್ನಲು ಬಾಗಿಲು ತೆರೆದಂತೆ.

ದೂರುದಾರನಿಗೆ ಕೊಡುವ ಸೂಚನೆ ಮೂರು: ಅಧಿಕಾರಿ ಕೇಳಿದರೆ ಮಾತ್ರ ಕೊಡು, ಕೈ ಕುಲುಕಬೇಡ, ಕೊಟ್ಟಮೇಲೆ ಹೊರಬಂದು ಸನ್ನೆ ಮಾಡು. ತಲೆ ಸವರಿಕೊಳ್ಳುವುದೋ ಕರವಸ್ತ್ರದಲ್ಲಿ ಮುಖ ಒರೆಸಿಕೊಳ್ಳುವುದೋ ಸನ್ನೆ. ಒಬ್ಬ ಪಂಚ ಜೊತೆಗೇ ಹೋಗುತ್ತಾರೆ, ನೆರಳು ಸಾಕ್ಷಿ. ನೋಡಬೇಕು, ಅದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳಬೇಕು.

ಕೆಡುವುದು ಇಲ್ಲಿಯೇ. ಎದೆ ಹೊಡೆದುಕೊಳ್ಳುತ್ತಿರುವ ದೂರುದಾರ ಒಳಹೋದವನೇ ‘ಸಾರ್, ತಂದಿದೀನಿ’ ಎಂದು ತಾನಾಗಿ ಚಾಚಿಬಿಡುತ್ತಾನೆ. ಅಧಿಕಾರಿ ಒಂದು ಮಾತೂ ಆಡದೆ ತೆಗೆದುಕೊಂಡು ಡ್ರಾಯರಿಗೆ ಹಾಕುತ್ತಾನೆ. ನೀರು ಗಾಢ ಗುಲಾಬಿಯಾಗುತ್ತದೆ, ಬಲೆಯ ದಿನದ ಬೇಡಿಕೆ ಮಾತ್ರ ಎಲ್ಲೂ ಇಲ್ಲ. ಇನ್ನೊಂದು ಕಡೆ ಪಳಗಿದ ಅಧಿಕಾರಿ ಜೊತೆಗಿದ್ದವರನ್ನು ನೋಡಿ ‘ಇವರ್ಯಾರು? ಹೊರಗೆ ಕೂತಿರಿ’ ಅನ್ನುತ್ತಾನೆ. ನೆರಳು ಸಾಕ್ಷಿಗೆ ಕಿಟಕಿಯಿಂದ ಕೈ ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಮತ್ತೊಬ್ಬ ‘ಆಚೆ ಜೆರಾಕ್ಸ್ ಅಂಗಡಿ ಹುಡುಗನ ಹತ್ರ ಕೊಡಿ’ ಎಂದು ಕಡತದಿಂದ ತಲೆಯನ್ನೇ ಎತ್ತುವುದಿಲ್ಲ. ಬಣ್ಣ ಬರುವುದು ತಿಂಗಳಿಗೆ ಎಂಟು ಸಾವಿರ ಸಂಬಳದ ಹುಡುಗನ ಕೈಗೆ.

ಸನ್ನೆ ಸಿಕ್ಕಮೇಲಿನ ಕೆಲಸಕ್ಕೆ ಧೈರ್ಯ ಬೇಡ, ಶಿಸ್ತು ಬೇಕು. ತಂಡದ ಅಧಿಕಾರಿ ಪರಿಚಯ ಹೇಳಿಕೊಂಡು ಆರೋಪಿಯ ಎರಡೂ ಮಣಿಕಟ್ಟು ಹಿಡಿದು ಕೈ ಎಲ್ಲಿಗೂ ಒರೆಸದ ಹಾಗೆ ನೋಡಿಕೊಳ್ಳಬೇಕು. ಹೊಸದಾಗಿ ಕಲಸಿದ ದ್ರಾವಣದ ಸ್ವಲ್ಪ ಭಾಗವನ್ನು ಬಣ್ಣವಿಲ್ಲದ ಮಾದರಿಯಾಗಿ ಮೊದಲೇ ತೆಗೆದಿಡಬೇಕು. ಬಲಗೈ ಒಂದು ಬಟ್ಟಲಿಗೆ, ಎಡಗೈ ಇನ್ನೊಂದಕ್ಕೆ, ಪ್ಯಾಂಟಿನ ಜೇಬು ಮತ್ತೊಂದಕ್ಕೆ. ಒಂದೊಂದಕ್ಕೂ ಬೇರೆ ಬಾಟಲಿ, ಅರಗಿನ ಮುದ್ರೆ, ಪಂಚರ ಸಹಿ ಇರುವ ಚೀಟಿ. ಮಧ್ಯಾಹ್ನ ಊಟದ ನಂತರದ ಬಲೆಯಾದರೆ ಇನ್ನೊಂದು ತೊಡಕು: ಬೆರಳಿನ ಅರಿಶಿನವೂ ಸೋಡಾ ನೀರಿನಲ್ಲಿ ಕೆಂಪಗಾಗುತ್ತದೆ. ಕಣ್ಣಿಗೆ ವ್ಯತ್ಯಾಸ ತಿಳಿಯದಿದ್ದರೂ ಪ್ರಯೋಗಾಲಯದಲ್ಲಿ ತಿಳಿಯುತ್ತದೆ, ಆಮ್ಲ ಹಾಕಿದರೆ ಫಿನಾಫ್ತಲೀನ್ ಬಣ್ಣ ಕಳೆದುಕೊಳ್ಳುತ್ತದೆ, ಅರಿಶಿನ ಹಳದಿಗೆ ಮರಳುತ್ತದೆ. ಬಾಟಲಿ ತಿಂಗಳುಗಟ್ಟಲೆ ಠಾಣೆಯಲ್ಲೇ ಉಳಿದರೆ ಗುಲಾಬಿ ಮಾಸುತ್ತದೆ. ಪುಡಿ ಒಳಗೇ ಇರುವುದರಿಂದ ಪರೀಕ್ಷೆಗೆ ಸಿಗುತ್ತದೆ, ಆದರೆ ನ್ಯಾಯಾಧೀಶರ ಮುಂದೆ ತಿಳಿನೀರಿನ ಬಾಟಲಿ ಎತ್ತಿ ಹಿಡಿದು ‘ಎಲ್ಲಿ ಸ್ವಾಮಿ ಬಣ್ಣ?’ ಎಂದು ಕೇಳುವ ಅವಕಾಶವನ್ನು ಯಾವ ವಕೀಲರೂ ಬಿಡುವುದಿಲ್ಲ.

ಬಾಕಿ ಇದ್ದ ಕೆಲಸದ ಕಡತವನ್ನೂ ಅವತ್ತೇ ವಶಕ್ಕೆ ಪಡೆಯಬೇಕು, ಇಲ್ಲವಾದರೆ ‘ಆ ಕೆಲಸ ಆಗಲೇ ಮುಗಿಸಿದ್ದೆ, ಯಾತಕ್ಕೆ ಕೇಳಲಿ’ ಎಂಬ ವಾದ ಎದ್ದು ನಿಲ್ಲುತ್ತದೆ. ಮೂಲ ಕಡತವೇ ಹೋದರೆ ದೂರುದಾರನ ಕೆಲಸ ಅಲ್ಲಿಗೆ ನಿಂತಿತು. ದೃಢೀಕೃತ ನಕಲು ತೆಗೆದುಕೊಂಡು ಮೂಲವನ್ನು ಕಚೇರಿಯಲ್ಲೇ ಬಿಡಿ ಎಂದು ತನಿಖಾಧಿಕಾರಿಯನ್ನು ಕೇಳಿಕೊಳ್ಳಬಹುದು. ಇದನ್ನು ದೂರುದಾರರಿಗೆ ಯಾರೂ ಹೇಳಿಕೊಡುವುದಿಲ್ಲ. ಆರೋಪಿಯ ವಿವರಣೆಯನ್ನು ಅವತ್ತೇ ಅವರ ಕೈಬರಹದಲ್ಲಿ ಪಡೆಯುವುದೂ ಅಷ್ಟೇ ಮುಖ್ಯ. ‘ಕೊಟ್ಟಿದ್ದ ಸಾಲ ವಾಪಸ್ ಬಂತು’ ಎಂದು ಅವತ್ತು ಬರೆದುಕೊಟ್ಟವರು ವಿಚಾರಣೆಯಲ್ಲಿ ‘ಬಲವಂತವಾಗಿ ಜೇಬಿಗೆ ತುರುಕಿದರು’ ಎಂದರೆ ಎರಡೂ ಬಿದ್ದುಹೋಗುತ್ತವೆ.

ಇಲ್ಲಿಗೆ ಪತ್ರಿಕೆಯ ಚಿತ್ರ ಮುಗಿಯಿತು. ಬಂಧನ 48 ಗಂಟೆ ಮೀರಿದರೆ ಅಮಾನತು, ಅರ್ಧ ಸಂಬಳದ ಜೀವನಾಧಾರ ಭತ್ಯೆ. ಕೆಲವು ತಿಂಗಳ ಮೇಲೆ ಅಮಾನತು ತೆರವಾಗಿ ಬೇರೊಂದು ತಾಲ್ಲೂಕಿಗೆ ಪೋಸ್ಟಿಂಗ್. ಪ್ರಯೋಗಾಲಯದ ವರದಿ, ಮೊಕದ್ದಮೆ ಹೂಡಲು ಬೇಕಾದ ಕಲಂ 19ರ ಮಂಜೂರಾತಿ, ದೋಷಾರೋಪಣಾ ಪಟ್ಟಿ. ಮಂಜೂರಾತಿಗೆ 3 ತಿಂಗಳು, ಬೇಕಾದರೆ ಇನ್ನೊಂದು ತಿಂಗಳು ಎಂದು ಕಾಯ್ದೆಯಲ್ಲಿದೆ. ವಿಚಾರಣೆ 2 ವರ್ಷದಲ್ಲಿ ಮುಗಿಸಲು ಪ್ರಯತ್ನಿಸಬೇಕು, ಕಾರಣ ಬರೆದು ಬೆಳೆಸಿದರೂ ಒಟ್ಟು 4 ವರ್ಷ ಮೀರಬಾರದು ಎಂದೂ ಇದೆ. ಕಾಗದದ ಮೇಲಿನ ಈ ವರ್ಷಗಳಿಗೂ ಸಮನ್ಸ್ ಮನೆಗೆ ಬರುವ ದಿನಕ್ಕೂ ನಂಟು ಕಡಿಮೆ.

ಸಮನ್ಸ್ ಬರುವ ಹೊತ್ತಿಗೆ ಏನಾಗಿರುತ್ತದೆ ನೋಡಿ. ಖಾತೆ ಬದಲಾವಣೆ ಆಗಿದೆ. ಜಮೀನಿನಲ್ಲಿ ಎರಡು ಬೆಳೆ ಬಂದಿದೆ, ಅಥವಾ ಜಮೀನೇ ಮಾರಾಟವಾಗಿದೆ. ಅವಮಾನ ನೆನಪಿದೆ, ಉರಿ ಇಲ್ಲ. ಅದೇ ತಾಲ್ಲೂಕು ಕಚೇರಿಯಲ್ಲಿ ಮಗಳ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದೆ, ಕೌಂಟರಿನಲ್ಲಿ ಕೂತವನು ಹಳೆಯ ಆರೋಪಿಯ ಸಹೋದ್ಯೋಗಿ. ಊರಿನ ದೊಡ್ಡವರೊಬ್ಬರು ಮನೆಗೆ ಬಂದು ‘ಅವನಿಗೂ ಮಕ್ಕಳಿದ್ದಾವಪ್ಪ, ಪೆನ್ಶನ್ ಹೋಗ್ತದೆ. ನೀನು ಸುಳ್ಳು ಹೇಳೋದೇನೂ ಬೇಡ, ನೆನಪಿಲ್ಲ ಅಂದ್ಬಿಡು ಸಾಕು’ ಎಂದು ಕಾಫಿ ಕುಡಿದು ಹೋಗುತ್ತಾರೆ. ಆ ಮಾತಿನಲ್ಲಿ ಬೆದರಿಕೆ ಇಲ್ಲ, ದುಡ್ಡಿನ ಆಮಿಷವೂ ಇಲ್ಲ, ಕರುಣೆಯಿದೆ. ಬೆದರಿಕೆ ಹಾಕಿದ್ದರೆ ಹಳೆಯ ಸಿಟ್ಟು ಎದ್ದು ನಿಲ್ಲುತ್ತಿತ್ತೇನೋ. ಕರುಣೆಯ ಎದುರು ಸಿಟ್ಟು ಕೆಲಸಕ್ಕೆ ಬರುವುದಿಲ್ಲ. ದೂರುದಾರರು ಪ್ರತಿಕೂಲ ಸಾಕ್ಷಿಗಳಾಗುವುದನ್ನು ನಾವು ‘ಬುಕ್ ಆದರು’ ಎಂದು ಹಗುರವಾಗಿ ಹೇಳಿಬಿಡುತ್ತೇವೆ. ಬಹಳ ಜನ ಒಳ್ಳೆಯತನಕ್ಕೆ ಸೋತಿರುತ್ತಾರೆ.

ನೆರಳು ಸಾಕ್ಷಿಯ ಪಾಡು ಇನ್ನೂ ಒಂಟಿ. ಅವನಿಗೆ ಅವಮಾನವೂ ಆಗಿರಲಿಲ್ಲ, ಕೆಲಸವೂ ಬಾಕಿ ಇರಲಿಲ್ಲ. ಮೇಲಧಿಕಾರಿ ಪತ್ರ ಕೊಟ್ಟು ಕಳಿಸಿದರು, ಹೋದ. ಸಿಕ್ಕಿಬಿದ್ದವನು ತನ್ನಂಥದೇ ಒಬ್ಬ ನೌಕರ, ನಾಳೆ ಒಂದೇ ಸಂಘದ ಸಭೆಯಲ್ಲಿ ಎದುರಾಗುವವನು. ‘ಹಣ ಕೊಟ್ಟದ್ದನ್ನು ನೋಡಿದೆ, ಮಾತು ಸರಿಯಾಗಿ ಕೇಳಿಸಲಿಲ್ಲ’ ಎಂದರೆ ಯಾರಿಗೂ ಸುಳ್ಳು ಅನ್ನಿಸುವುದಿಲ್ಲ, ಅವನ ಆತ್ಮಸಾಕ್ಷಿಗೂ. ಕೇಸು ಮುರಿದು ಬೀಳಲು ಅಷ್ಟೇ ಸಾಕು. ಸಿಟ್ಟಿನ ಹಂಗೇ ಇಲ್ಲದೆ, ಕೇಳಿಸಿದ್ದನ್ನು ಕೇಳಿಸಿತು ಎಂದು ಹೇಳುವ ಪಂಚನದು ಇಡೀ ಪ್ರಕರಣದಲ್ಲೇ ಅತ್ಯಂತ ಶುದ್ಧವಾದ ಧೈರ್ಯ ಎಂದು ನನ್ನ ಅಭಿಪ್ರಾಯ. ಅವನ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ದೂರುದಾರ ಸತ್ತರೆ, ತಿರುಗಿಬಿದ್ದರೆ ಏನು ಮಾಡುವುದು ಎಂಬ ಪ್ರಶ್ನೆ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದವರೆಗೂ ಹೋಯಿತು. ದೆಹಲಿಯ ವಿದ್ಯುತ್ ಮೀಟರ್ ಒಂದರ ವಿಷಯದಲ್ಲಿ 2000ದಷ್ಟು ಹಿಂದೆ ಶುರುವಾದ ನೀರಜ್ ದತ್ತಾ ಪ್ರಕರಣ ಅದು. ವಿಚಾರಣೆಗೆ ಮುನ್ನವೇ ದೂರುದಾರ ತೀರಿಕೊಂಡಿದ್ದರು. 2022ರ ಡಿಸೆಂಬರ್ 15ರಂದು ಪೀಠದ ಪರವಾಗಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಬರೆದ ತೀರ್ಪು, ಬೇಡಿಕೆಯನ್ನು ಇತರ ಸಾಕ್ಷಿಗಳಿಂದ, ಸಾಂದರ್ಭಿಕ ಸಾಕ್ಷ್ಯದಿಂದಲೂ ಸಾಬೀತು ಮಾಡಬಹುದು ಎಂದಿತು. ದೊಡ್ಡ ಬಾಗಿಲೇ ತೆರೆಯಿತು ಎಂದು ಎಲ್ಲರೂ ಬರೆದರು. ಅದೇ ಪ್ರಕರಣ ಮುಂದಿನ ತೀರ್ಮಾನಕ್ಕೆ ಸಣ್ಣ ಪೀಠಕ್ಕೆ ಮರಳಿದಾಗ, 2023ರ ಮಾರ್ಚ್ 17ರಂದು ಅಪೀಲುದಾರೆ ಖುಲಾಸೆಯಾದರು. ಬೇಡಿಕೆ ಸಾಬೀತಾಗಿರಲಿಲ್ಲ. ಬೇರೆ ದಾರಿಯಿಂದ ಸಾಬೀತು ಮಾಡಬಹುದು ನಿಜ, ಆ ದಾರಿಯಲ್ಲೂ ಯಾರಾದರೂ ನಡೆದು ಬರಬೇಕಲ್ಲ.

ಸಾಕ್ಷಿಯೊಬ್ಬನಿಂದ ಇಷ್ಟೊಂದು ನಿಷ್ಠುರತೆ ಕೇಳುವ ವ್ಯವಸ್ಥೆ ತನ್ನ ಮಟ್ಟಿಗೆ ಎಷ್ಟು ಸ್ಥಿರವಾಗಿದೆ? ಕರ್ನಾಟಕದ ಲೋಕಾಯುಕ್ತ ಕಾಯ್ದೆ 1984ರದು, ಸಂಸ್ಥೆ ಕೆಲಸ ಶುರುಮಾಡಿದ್ದು 1986ರಲ್ಲಿ. ನ್ಯಾಯಮೂರ್ತಿ ವೆಂಕಟಾಚಲ ಅವರ ದಿಢೀರ್ ಭೇಟಿಗಳು, ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ 2011ರ ಅಕ್ರಮ ಗಣಿಗಾರಿಕೆ ವರದಿ ಜನಕ್ಕೆ ಆ ಹೆಸರಿನ ಮೇಲೆ ನಂಬಿಕೆ ಹುಟ್ಟಿಸಿದವು. 2015ರಲ್ಲಿ ಆ ಕಚೇರಿಯ ಹೆಸರು ಹೇಳಿ ಅಧಿಕಾರಿಗಳಿಂದ ಹಣ ಕೀಳುವ ಜಾಲದ ಆರೋಪ ಎದ್ದು, ಲೋಕಾಯುಕ್ತರ ಮಗನ ಬಂಧನವಾಯಿತು. ವರ್ಷದ ಕೊನೆಗೆ ಲೋಕಾಯುಕ್ತರೇ ರಾಜೀನಾಮೆ ಕೊಟ್ಟರು. ಆ ಜಾಲ ಹೊರಬಂದದ್ದರಲ್ಲಿ ಅಲ್ಲೇ ಎಸ್‌ಪಿಯಾಗಿದ್ದ ಸೋನಿಯಾ ನಾರಂಗ್ ದೂರನ್ನು ಬರವಣಿಗೆಯಲ್ಲಿ ಮೇಲಕ್ಕೆ ಕಳಿಸಿದ್ದರ ಪಾತ್ರ ದೊಡ್ಡದು. ಬಾಯಿಮಾತಿನಲ್ಲಿ ತಿಳಿಸಿ ಕೈತೊಳೆದುಕೊಳ್ಳಬಹುದಿತ್ತು. ಕಾಗದದ ಮೇಲೆ ಇಟ್ಟರು, ಮೇಲಿನವರು ನೋಡಿಲ್ಲ ಎನ್ನುವಂತಿರಲಿಲ್ಲ.

2016ರ ಮಾರ್ಚ್‌ನಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ, ಅಂದರೆ ಎಸಿಬಿ ರಚಿಸಿ ಲೋಕಾಯುಕ್ತ ಪೊಲೀಸರ ತನಿಖಾ ಅಧಿಕಾರ ತೆಗೆದುಹಾಕಿತು. 2022ರ ಜುಲೈನಲ್ಲಿ ಬೆಂಗಳೂರು ನಗರ ಜಿಲ್ಲಾಧಿಕಾರಿ ಕಚೇರಿಯ 5 ಲಕ್ಷ ರೂಪಾಯಿ ಲಂಚದ ಪ್ರಕರಣದ ಜಾಮೀನು ಅರ್ಜಿ ವಿಚಾರಣೆಯಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಎಚ್.ಪಿ. ಸಂದೇಶ್ ಎಸಿಬಿಯನ್ನು ಕಟುವಾಗಿ ಟೀಕಿಸಿದರು, ತಮಗೆ ವರ್ಗಾವಣೆಯ ಬೆದರಿಕೆ ಇದೆ ಎಂದು ತೆರೆದ ನ್ಯಾಯಾಲಯದಲ್ಲೇ ಹೇಳಿದರು. ಸುಪ್ರೀಂ ಕೋರ್ಟ್ ಆ ಕಲಾಪಕ್ಕೆ ತಡೆ ಕೊಟ್ಟಿತು. ಮರುತಿಂಗಳು 11ರಂದು ಹೈಕೋರ್ಟಿನ ವಿಭಾಗೀಯ ಪೀಠ ಎಸಿಬಿಯನ್ನೇ ರದ್ದು ಮಾಡಿ ಪ್ರಕರಣಗಳನ್ನು ಲೋಕಾಯುಕ್ತಕ್ಕೆ ಮರಳಿಸಿತು. ಮೇಲೆ ನಡೆದ ಈ ಗುದ್ದಾಟದ ಅಡಿಯಲ್ಲಿ 2017ರಲ್ಲಿ ದೂರು ಕೊಟ್ಟ ಒಬ್ಬನನ್ನು ಇಟ್ಟು ನೋಡಿದರೆ, ಅವನ ದೂರು ಬರೆದುಕೊಂಡ ಸಂಸ್ಥೆಯೇ ಈಗ ಇಲ್ಲ. ಅವನು ಮಾತ್ರ ಆಡಿದ ಮಾತನ್ನು ಅಕ್ಷರ ತಪ್ಪದೆ ಹೇಳಬೇಕು.

ಬಲೆಯ ಬಗ್ಗೆ ಒಂದು ನೈತಿಕ ಆಕ್ಷೇಪ ಹಳೆಯದು: ಆಸೆ ತೋರಿಸಿ ಕೆಡವುವುದು ನ್ಯಾಯವೇ? 1950ರ ದಶಕದಿಂದಲೂ ನ್ಯಾಯಾಲಯಗಳು ಇಲ್ಲಿ ಒಂದು ಗೆರೆ ಎಳೆದಿವೆ. ಮೊದಲೇ ಕೇಳಿದ್ದವನನ್ನು ಹಿಡಿಯಲು ಹಣ ಕೊಂಡೊಯ್ಯುವುದು ಸರಿ, ಕೇಳದವನ ಮುಂದೆ ಹಣ ಅಲ್ಲಾಡಿಸಿ ಅಪರಾಧ ಹುಟ್ಟಿಸುವುದು ತಪ್ಪು. ಗೆರೆ ಸರಿಯಾಗಿಯೇ ಇದೆ. ನನಗೆ ಚುಚ್ಚುವುದು ಬೇರೆ ಸಂಗತಿ. ಬಲೆಗೆ ಬೀಳುವುದು ಕೈಯಾರೆ ಮುಟ್ಟುವವನು. ಕಾಮಗಾರಿಯ ಪರ್ಸೆಂಟೇಜ್ ಲೆಕ್ಕದಲ್ಲಿ, ವರ್ಗಾವಣೆಯ ದರದಲ್ಲಿ ಹರಿಯುವ ಹಣಕ್ಕೆ ಪುಡಿ ಸವರಲು ಯಾರಿಗೂ ಅವಕಾಶ ಸಿಗುವುದಿಲ್ಲ. ಅಂಥವರಿಗೆಂದು ಅಕ್ರಮ ಆಸ್ತಿಯ ಕಲಂ ಇದೆ, ಅದಕ್ಕೆ ಲೆಕ್ಕಪರಿಶೋಧಕರು, ವರ್ಷಗಟ್ಟಲೆ ದಾಖಲೆ, ಮೇಲಿನವರ ಅನುಮತಿ ಎಲ್ಲವೂ ಬೇಕು. ಕಲಂ 17ಎ ಪ್ರಕಾರ ಅಧಿಕಾರಿ ತನ್ನ ಕರ್ತವ್ಯದಲ್ಲಿ ಕೈಗೊಂಡ ತೀರ್ಮಾನದ ಬಗ್ಗೆ ವಿಚಾರಣೆ ಶುರುಮಾಡಲೂ ಪೂರ್ವಾನುಮತಿ ಬೇಕು, ಸ್ಥಳದಲ್ಲೇ ಸಿಕ್ಕಿಬಿದ್ದವನಿಗೆ ಮಾತ್ರ ಆ ರಕ್ಷಣೆ ಇಲ್ಲ. ಗ್ರಾಮ ಲೆಕ್ಕಿಗನನ್ನು ಹಿಡಿಯಲು ಅನುಮತಿ ಬೇಡ, ಅವನನ್ನು ಅಲ್ಲಿಗೆ ಹಾಕಿಸಿ ತಿಂಗಳ ಮಾಮೂಲು ಎತ್ತುವವನ ಆದೇಶವನ್ನು ಪ್ರಶ್ನಿಸಲು ಬೇಕು.

ಈಗ ಪುಡಿಯ ಕಾಲವೂ ಮುಗಿಯುತ್ತಾ ಬಂದಿದೆ. ಕಚೇರಿಯ ಎದುರಿನ ಟೀ ಅಂಗಡಿಯ ಕ್ಯೂಆರ್ ಕೋಡಿಗೆ ಹಾಕಿ ಎನ್ನುತ್ತಾರೆ, ಅಥವಾ ಹೆಂಡತಿಯ ತಮ್ಮನ ಫೋನ್‌ಪೇ ಸಂಖ್ಯೆ ಕೊಡುತ್ತಾರೆ. ಇಂಥ ಬಲೆಯಲ್ಲಿ ಬಟ್ಟಲೂ ಇಲ್ಲ, ಬಾಟಲಿಯೂ ಇಲ್ಲ. ಯುಟಿಆರ್ ಸಂಖ್ಯೆ (ಹಣ ವರ್ಗಾವಣೆಯ ಗುರುತಿನ ಸಂಖ್ಯೆ), ಬ್ಯಾಂಕಿನ ಪ್ರಮಾಣಿತ ಸ್ಟೇಟ್‌ಮೆಂಟ್, ಟೀ ಅಂಗಡಿಯವನಿಗೂ ಅಧಿಕಾರಿಗೂ ನಡೆದ ಕರೆಗಳ ವಿವರ, ಆ ಹಣ ಅಂಗಡಿಯಿಂದ ಮುಂದೆ ಯಾರಿಗೆ ಹೋಯಿತು ಎಂಬ ದಾಖಲೆ ಸೇರಿಸಬೇಕು. ಹಣ ಹೋದದ್ದರ ಗುರುತು ಪುಡಿಗಿಂತ ಗಟ್ಟಿ, ಮಾಸುವುದೂ ಇಲ್ಲ. ಆದರೆ ಖಾತೆ ಟೀ ಅಂಗಡಿಯವನದು. ಅವನು ‘ಗಿರಾಕಿ ಹಳೇ ಬಾಕಿ ಕೊಟ್ಟ’ ಅನ್ನುತ್ತಾನೆ. ಆಗ ಅಭಿಯೋಜಕರು ದೂರುದಾರನತ್ತ ತಿರುಗಿ ಕೇಳುತ್ತಾರೆ: ಯಾವ ದಿನ, ಎಷ್ಟು ಹೊತ್ತಿಗೆ, ಆ ಸಂಖ್ಯೆಯನ್ನು ನಿಮಗೆ ಕೊಟ್ಟವರು ಯಾರು, ಕೊಡುವಾಗ ಏನೆಂದರು?